ಗೃಹಗಣಕಯಂತ್ರ: ಕೊಳ್ಳುವ ಮುನ್ನ ಅಂಗಪರಿಚಯ

ಕನ್ನಡದಲ್ಲಿ ಗಣಿತಶಾಸ್ತ್ರವನ್ನು ಮೊದಲಿಗೆ ಬರೆದವರಲ್ಲಿ ಅಗ್ರಗಣ್ಯನೆನಿಸಿದ ರಾಜಾದಿತ್ಯನು 12ನೆಯ ಶತಮಾನದವನು. ಅವನ ಊರಾದ ಪೂವಿನಬಾಗೆಯು ಇಂದಿನ ರಾಯಬಾಗವೇ ಎಂದು ಹಲವು ವಿದ್ವಾಂಸರು ಗುರುತಿಸಿದ್ದಾರೆ. ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ ಎಂಬ ಅವನ ಕೃತಿಗಳ ಹೆಸರುಗಳೇ ಸೂಚಿಸುವಂತೆ, ಲೆಕ್ಕವೆಂಬುದು ಕೇವಲ ಪಂಡಿತರ ವಿನೋದವಲ್ಲ. ಕೊಡು-ಕೊಳ್ಳುವವರಿಗೆ, ಹೊಲ ಅಳೆಯುವವರಿಗೆ ಒದಗಬೇಕಾದ ವಿದ್ಯೆ. ಅಂಥ ಗಣಿತಜ್ಞನು ಬಾಳಿದ ಈ ನೆಲದಲ್ಲಿ ಇಂದು ಎಣಿಸುವ ಯಂತ್ರವೊಂದು ಮನೆಮನೆಯನ್ನು ಪ್ರವೇಶಿಸುತ್ತಿದೆ. ಸಂಸ್ಕೃತದಲ್ಲಿ ‘ಗಣಕ’ ಎಂದರೆ ಎಣಿಸುವವನು. ಜ್ಯೋತಿಷಿಗೂ ಲೆಕ್ಕಿಗನಿಗೂ ಸಲ್ಲುತ್ತಿದ್ದ ಆ ಹೆಸರನ್ನು ಕನ್ನಡವು ಈ ಯಂತ್ರಕ್ಕೆ ಕೊಟ್ಟು ‘ಗಣಕಯಂತ್ರ’ವೆಂದು ಕರೆದಿದೆ. ಹೆಸರು ಉಚಿತವಾಗಿಯೇ ಇದೆ. ಆದರೆ ಹೆಸರನ್ನು ಬಲ್ಲವರೆಲ್ಲರೂ ಅದರ ಅಂಗಾಂಗಗಳನ್ನು ಬಲ್ಲರೆಂದು ಹೇಳುವಂತಿಲ್ಲ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಒಕ್ಕಲಿಗನು ಎತ್ತನ್ನು ಕೊಳ್ಳುವಾಗ ತೋರುವ ಎಚ್ಚರವು ಪ್ರಸಿದ್ಧವಾದುದು. ಅವನು ಬಾಯಿ ತೆರೆಸಿ ಹಲ್ಲು ಎಣಿಸುತ್ತಾನೆ, ಗೊರಸು ನೋಡುತ್ತಾನೆ, ಸುಳಿಯನ್ನು ಪರೀಕ್ಷಿಸುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡಿದ ಹೊರತು ಮುಂಗಡ ಕೊಡುವುದಿಲ್ಲ. ಕೊಂಬಿಗೆ ಹಚ್ಚಿದ ಬಣ್ಣಕ್ಕೆ ಅವನು ಮರುಳಾಗುವುದಿಲ್ಲ. ಅದೇ ಗೃಹಸ್ಥನು ಮಗನಿಗೋ ಮಗಳಿಗೋ ಗಣಕಯಂತ್ರ ಕೊಳ್ಳಲು ಬೆಳಗಾವಿಗೋ ಮಿರಜಕ್ಕೋ ಕೊಲ್ಲಾಪುರಕ್ಕೋ ಹೋದಾಗ ಯಂತ್ರದ ಬಣ್ಣ, ಗಾತ್ರ, ಹೆಸರು ಇವಿಷ್ಟನ್ನೇ ನೋಡಿ, ವರ್ಷದ ದುಡಿಮೆಯ ದೊಡ್ಡ ಭಾಗವನ್ನು ಎಣಿಸಿ ಬರುವುದುಂಟು. ಕಾರಣ ಅಲಕ್ಷ್ಯವಲ್ಲ, ಎಲ್ಲಿ ಹಲ್ಲು, ಎಲ್ಲಿ ಗೊರಸು ಎಂಬುದು ತಿಳಿಯದಿರುವುದು. ಅದನ್ನು ತಿಳಿಯಪಡಿಸುವುದೇ ಈ ಲೇಖನದ ಉದ್ದೇಶ.

ಮೊದಲು ಕೆಲಸದ ನಿರ್ಣಯ

ಅಂಗಗಳನ್ನು ಅರಿಯುವುದಕ್ಕೆ ಮೊದಲು ಒಂದು ಪ್ರಶ್ನೆಗೆ ಮನೆಯವರೆಲ್ಲ ಕುಳಿತು ಉತ್ತರ ಕಂಡುಕೊಳ್ಳಬೇಕು: ಈ ಯಂತ್ರವು ಯಾವ ಕಾಯಕಕ್ಕೆ? ಪಾಠಗಳನ್ನು ನೋಡುವುದು, ಪತ್ರ-ಪ್ರಬಂಧಗಳನ್ನು ಬರೆಯುವುದು, ಅಂಗಡಿಯ ಲೆಕ್ಕ ಇಡುವುದು, ಅರ್ಜಿಗಳನ್ನು ಅಂತರಜಾಲದ ಮೂಲಕ ಸಲ್ಲಿಸುವುದು ಇವು ಹಗುರಾದ ಕೆಲಸಗಳು. ಕಾರ್ಯಕ್ರಮರಚನೆಯ ಅಭ್ಯಾಸವು ಮಧ್ಯಮ ತರಗತಿಯದು. ಚಲಚಿತ್ರ ಸಂಕಲನ, ಕಟ್ಟಡಗಳ ತ್ರಿಮಾನ ನಕ್ಷೆ, ಭಾರಿ ಆಟಗಳು ಇವು ಬಹು ಶಕ್ತಿಯನ್ನು ಬೇಡುವಂಥವು. ಹಗುರ ಕೆಲಸಕ್ಕೆ ಭಾರಿ ಯಂತ್ರವನ್ನು ಕೊಂಡರೆ ಹಣ ವ್ಯರ್ಥ. ಭಾರಿ ಕೆಲಸಕ್ಕೆ ಹಗುರ ಯಂತ್ರವನ್ನು ಕೊಂಡರೆ ಕಾಲ ವ್ಯರ್ಥ. ಈ ನಿರ್ಣಯವು ಅಂಗಡಿಯಲ್ಲಿ ಆಗತಕ್ಕದ್ದಲ್ಲ, ಮನೆಯಲ್ಲಿ ಆಗತಕ್ಕದ್ದು.

ಪ್ರೊಸೆಸರ್

ಯಂತ್ರದ ಎಣಿಕೆಯೆಲ್ಲ ನಡೆಯುವುದು ಪ್ರೊಸೆಸರ್ ಎಂಬ ಅಂಗದಲ್ಲಿ. ಉಗುರಿನಗಲದ ಸಿಲಿಕಾನ್ ಚೂರಿನ ಮೇಲೆ ಟ್ರಾನ್ಸಿಸ್ಟರ್ ಎಂಬ ಸೂಕ್ಷ್ಮ ಸ್ವಿಚ್ಚುಗಳನ್ನು ರಚಿಸಿ ಇದನ್ನು ಸಿದ್ಧಗೊಳಿಸುತ್ತಾರೆ. 1971ರಲ್ಲಿ ಇಂಟೆಲ್ ಸಂಸ್ಥೆ ಮಾರುಕಟ್ಟೆಗೆ ತಂದ 4004 ಎಂಬ ಪ್ರೊಸೆಸರಿನಲ್ಲಿ ಇಂಥವು ಸುಮಾರು 2300 ಇದ್ದವು. ಇಂದಿನವುಗಳಲ್ಲಿ ನೂರಾರು ಕೋಟಿ. ಸ್ವಿಚ್ಚು ತೆರೆದಿದ್ದರೆ ಸೊನ್ನೆ, ಮುಚ್ಚಿದ್ದರೆ ಒಂದು. ಈ ಎರಡೇ ಅಂಕಿಗಳಿಂದ ಯಂತ್ರದ ಸಮಸ್ತ ವ್ಯವಹಾರವೂ ಸಾಗುತ್ತದೆ.

ಪ್ರೊಸೆಸರನ್ನು ಅಳೆಯಲು ಎರಡು ಮಾತುಗಳನ್ನು ಬಳಸುವರು. ‘ಗಿಗಾಹರ್ಟ್ಸ್’ ಎಂಬುದು ತಾಳದ ವೇಗ. ಮೂರು ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ 300 ಕೋಟಿ ತಾಳ. ‘ಕೋರ್’ ಎಂಬುದು ಒಳಗೆ ದುಡಿಯುವ ಆಳುಗಳ ಸಂಖ್ಯೆ. ಮನೆಯ ಕೆಲಸಕ್ಕೆ ನಾಲ್ಕು ಕೋರುಗಳು ಸಾಕು. ಆದರೆ ಇವೆರಡಕ್ಕಿಂತಲೂ ಮುಖ್ಯವಾದುದು ತಲೆಮಾರು. ಜನ ಮೋಸಹೋಗುವುದು ಹೆಚ್ಚಾಗಿ ಇಲ್ಲಿಯೇ. ‘ಕೋರ್ ಐ5’ ಎಂಬುದು ‘ಕೋರ್ ಐ3’ಕ್ಕಿಂತ ಯಾವಾಗಲೂ ಮೇಲೆಂದು ಬಹುಜನ ನಂಬಿದ್ದಾರೆ. ಅದು ಒಂದೇ ತಲೆಮಾರಿನೊಳಗೆ ಮಾತ್ರ ಸತ್ಯ. 2011ರ ಐ5-2400 ಎಂಬುದು ಎರಡನೆಯ ತಲೆಮಾರಿನದು. 2022ರ ಐ3-12100 ಎಂಬುದು ಹನ್ನೆರಡನೆಯದು. ಎರಡರಲ್ಲಿಯೂ ನಾಲ್ಕೇ ಕೋರುಗಳಿದ್ದರೂ ಕಿರಿಯ ಹೆಸರಿನ ಹೊಸ ಐ3, ಹಿರಿಯ ಹೆಸರಿನ ಹಳೆಯ ಐ5ನ್ನು ಬಹು ದೂರ ಹಿಂದಿಕ್ಕುತ್ತದೆ. ಆದುದರಿಂದ ಅಡ್ಡಗೆರೆಯ ನಂತರದ ಅಂಕಿಯನ್ನು ತಪ್ಪದೆ ಓದಬೇಕು. ಅಲ್ಲಿ ನಾಲ್ಕು ಅಂಕಿಗಳಿದ್ದು 2ರಿಂದ 9ರೊಳಗೆ ಆರಂಭವಾದರೆ ಮೊದಲನೆಯದು, ಐದಿದ್ದರೆ ಮೊದಲೆರಡು, ತಲೆಮಾರನ್ನು ಹೇಳುತ್ತವೆ. ಎ.ಎಂ.ಡಿ. ಸಂಸ್ಥೆಯ ರೈಜೆನ್ ಪ್ರೊಸೆಸರುಗಳೂ ಸಮನಾದ ಯೋಗ್ಯತೆಯವೇ. ಮನೆಬಳಕೆಯ ಬಹುತೇಕ ಪ್ರೊಸೆಸರುಗಳೊಳಗೇ ಚಿತ್ರಗಳನ್ನು ಮೂಡಿಸುವ ಭಾಗವೂ ಅಡಕವಾಗಿರುವುದರಿಂದ ಹಗುರ ಕೆಲಸದವರು ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡಿಗೆ ಹಣ ಸುರಿಯಬೇಕಾಗಿಲ್ಲ.

ಪಾಟಿ ಮತ್ತು ವಹಿ

ಸ್ಮೃತಿಯು ಯಂತ್ರದಲ್ಲಿ ಎರಡು ವಿಧ. ಇವೆರಡರ ಭೇದವನ್ನು ತಿಳಿಯದೆ ‘ಎಷ್ಟು ಜಿ.ಬಿ.?’ ಎಂದು ಕೇಳುವುದು ನಿರರ್ಥಕ. ಶಾಲೆಗೆ ಹೋದವರೆಲ್ಲರಿಗೂ ಪಾಟಿ ಗೊತ್ತು, ವಹಿಯೂ ಗೊತ್ತು. ಲೆಕ್ಕ ಬಿಡಿಸುವುದು ಪಾಟಿಯ ಮೇಲೆ. ಉತ್ತರವನ್ನು ಕಾದಿಡುವುದು ವಹಿಯಲ್ಲಿ. ಪಾಟಿಯನ್ನು ಒರೆಸಿದರೆ ಬರೆದುದು ಹೋಯಿತು. ವಹಿಯಲ್ಲಿ ಬರೆದುದು ಉಳಿಯಿತು. ಗಣಕಯಂತ್ರದಲ್ಲಿ ‘ರ‍್ಯಾಮ್’ ಎಂಬುದು ಪಾಟಿ. ವಿದ್ಯುತ್ತು ನಿಂತೊಡನೆ ಅದರ ಮೇಲಿನದೆಲ್ಲ ಅಳಿಸಿಹೋಗುತ್ತದೆ. ‘ಡಿಸ್ಕ್’ ಎಂಬುದು ವಹಿ. ವಿದ್ಯುತ್ತು ಇರಲಿ, ಹೋಗಲಿ, ಅದರಲ್ಲಿರುವುದು ಉಳಿಯುತ್ತದೆ.

ಪಾಟಿ ಚಿಕ್ಕದಾದರೆ ಎರಡು ಲೆಕ್ಕಗಳನ್ನು ಒಟ್ಟಿಗೆ ಬಿಡಿಸಲಾಗದು. ಒಂದನ್ನು ಒರೆಸಿ ಇನ್ನೊಂದನ್ನು ಬರೆಯಬೇಕು. ರ‍್ಯಾಮ್ ಕಡಿಮೆಯಾದಾಗ ಯಂತ್ರವು ತೆವಳುವುದು ಇದೇ ಕಾರಣದಿಂದ. 4 ಜಿ.ಬಿ. ರ‍್ಯಾಮ್ ಇಂದಿನ ಕೆಲಸಕ್ಕೆ ಸಾಲದು, 8 ಜಿ.ಬಿ. ನಿರ್ವಾಹಕ್ಕೆ ಸಾಕು, 16 ಜಿ.ಬಿ. ಇದ್ದರೆ ಕೆಲವು ವರ್ಷ ನಿಶ್ಚಿಂತೆ. ಮುಂದೆ ಇನ್ನೊಂದು ತುಂಡನ್ನು ಕೂಡಿಸಲು ಖಾಲಿ ಜಾಗ ಇದೆಯೇ ಎಂದು ಕೇಳುವುದು ಜಾಣತನ. ಕೆಲವು ಲ್ಯಾಪ್‌ಟಾಪುಗಳಲ್ಲಿ ರ‍್ಯಾಮನ್ನು ಫಲಕಕ್ಕೇ ಬೆಸೆದಿರುತ್ತಾರೆ. ಅವುಗಳಲ್ಲಿ ಇದು ಶಕ್ಯವಿಲ್ಲದಿರಬಹುದು.

ವಹಿಯಲ್ಲಿಯೂ ಎರಡು ಬಗೆ. ಹಳೆಯ ಹಾರ್ಡ್ ಡಿಸ್ಕಿನೊಳಗೆ ತಟ್ಟೆಯೊಂದು ನಿಮಿಷಕ್ಕೆ ಸಾಮಾನ್ಯವಾಗಿ 5400 ಅಥವಾ 7200 ಸುತ್ತು ತಿರುಗುತ್ತದೆ. ಸೂಜಿಯಂಥ ತೋಳು ಅದರ ಮೇಲೆ ಓದುತ್ತ ಹೋಗುತ್ತದೆ. ಹೊಸದಾದ ‘ಎಸ್.ಎಸ್.ಡಿ.’ಯಲ್ಲಿ ತಿರುಗುವ ಭಾಗವೇ ಇಲ್ಲ. ಹಾರ್ಡ್ ಡಿಸ್ಕು ಸೆಕೆಂಡಿಗೆ ನೂರರಿಂದ ಇನ್ನೂರು ಮೆಗಾಬೈಟು ಓದಿದರೆ, ಸಾಧಾರಣ ಎಸ್.ಎಸ್.ಡಿ. ಐನೂರರಷ್ಟನ್ನೂ, ‘ಎನ್.ವಿ.ಎಂ.ಇ.’ ಎಂಬ ಉತ್ತಮ ಬಗೆಯದು ಸಾವಿರಾರನ್ನೂ ಓದುತ್ತದೆ. ನಿಧಾನವಾದ ಹಳೆಯ ಯಂತ್ರಕ್ಕೆ ಎಸ್.ಎಸ್.ಡಿ. ಕೂಡಿಸಿದರೆ ಅದು ಮರುಹುಟ್ಟು ಪಡೆದಂತಾಗುವುದಕ್ಕೆ ಇದೇ ಕಾರಣ.

ಎಷ್ಟು ದೊಡ್ಡ ವಹಿ ಬೇಕು? ಇದನ್ನು ರಾಜಾದಿತ್ಯನ ಊರಿನವರು ಲೆಕ್ಕ ಹಾಕಿಯೇ ತಿಳಿಯಬೇಕು. ಸೊನ್ನೆ-ಒಂದುಗಳಲ್ಲಿ ಯಾವುದಾದರೂ ಒಂದು ಅಂಕಿಗೆ ‘ಬಿಟ್’ ಎಂದೂ, ಎಂಟು ಬಿಟ್ಟುಗಳಿಗೆ ‘ಬೈಟ್’ ಎಂದೂ ಹೆಸರು. ಕನ್ನಡದ ಒಂದು ವರ್ಣಚಿಹ್ನೆಯನ್ನು ಇಂದಿನ ರೂಢಿಯಂತೆ ಉಳಿಸಲು ಮೂರು ಬೈಟು ಬೇಕು. ಪುಟಕ್ಕೆ 1500 ಚಿಹ್ನೆಗಳಂತೆ 200 ಪುಟಗಳ ಪುಸ್ತಕವೆಂದರೆ 3 ಲಕ್ಷ ಚಿಹ್ನೆ, ಅಂದರೆ 9 ಲಕ್ಷ ಬೈಟು. 256 ಜಿ.ಬಿ.ಯ ಡಿಸ್ಕಿನಲ್ಲಿ 25,600 ಕೋಟಿ ಬೈಟುಗಳಿರುತ್ತವೆ. ಭಾಗಿಸಿದರೆ ಎರಡೂಮುಕ್ಕಾಲು ಲಕ್ಷಕ್ಕೂ ಮಿಕ್ಕಿದ ಪುಸ್ತಕಗಳು! ಯಂತ್ರದ ಸ್ವಂತ ತಂತ್ರಾಂಶಕ್ಕೆ ಒಂದು ಪಾಲು ಹೋದರೂ ಬರಹವು ಯಂತ್ರಕ್ಕೆ ಭಾರವಲ್ಲ. ಭಾರವಾಗುವುದು ಚಲಚಿತ್ರ, ಗಂಟೆಯದೊಂದು ಸ್ಪಷ್ಟ ಚಿತ್ರಕ್ಕೆ ಒಂದೆರಡು ಜಿ.ಬಿ. ಬೇಕಾಗುತ್ತದೆ. ಓದು-ಬರಹದ ಮನೆಗೆ 256 ಜಿ.ಬಿ.ಯೇ ನಡೆಯುತ್ತದೆ, 512 ಇದ್ದರೆ ಧಾರಾಳ. 256 ಎಂದು ಕೊಂಡ ಡಿಸ್ಕನ್ನು ಯಂತ್ರವು ಸುಮಾರು 238 ಎಂದು ತೋರಿಸಿದರೆ ಅಂಗಡಿಯವನನ್ನು ಸಂಶಯಿಸಬಾರದು. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸಿದರೆ ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ, ವ್ಯತ್ಯಾಸವು ಅಳತೆಗೋಲಿನದು.

ಮದರ್‌ಬೋರ್ಡು ಮತ್ತು ವಿದ್ಯುತ್ತು

ಈ ಎಲ್ಲ ಅಂಗಗಳನ್ನೂ ಬೆಸೆಯುವ ಫಲಕಕ್ಕೆ ಮದರ್‌ಬೋರ್ಡು ಎಂದು ಹೆಸರು. ಯಾವ ಪ್ರೊಸೆಸರ್ ಕೂಡುತ್ತದೆ, ಯಾವ ಬಗೆಯ ರ‍್ಯಾಮ್ ಹೊಂದುತ್ತದೆ ಎಂಬುದನ್ನು ಇದೇ ನಿರ್ಧರಿಸುತ್ತದೆ. ಡಿ.ಡಿ.ಆರ್.4 ಬಗೆಯ ರ‍್ಯಾಮ್ ಡಿ.ಡಿ.ಆರ್.5ರ ಸಂದಿನಲ್ಲಿ ಕೂಡದು. ಬಿಡಿಬಿಡಿಯಾಗಿ ಕೊಂಡು ಜೋಡಿಸುವವರು ಈ ಹೊಂದಾಣಿಕೆಯನ್ನು ಮೊದಲೇ ಖಚಿತಪಡಿಸಿಕೊಳ್ಳಬೇಕು.

ಗೋಡೆಯಿಂದ ಬರುವ 230 ವೋಲ್ಟಿನ ವಿದ್ಯುತ್ತನ್ನು ಯಂತ್ರಕ್ಕೆ ಬೇಕಾದ ಅಲ್ಪ ವೋಲ್ಟುಗಳಿಗೆ ಇಳಿಸುವ ಪೆಟ್ಟಿಗೆಗೆ ‘ಎಸ್.ಎಂ.ಪಿ.ಎಸ್.’ ಎನ್ನುವರು. ಕಣ್ಣಿಗೆ ಬೀಳದ ಅಂಗವಾದುದರಿಂದ ಅಗ್ಗದ ಯಂತ್ರಗಳಲ್ಲಿ ಮೊದಲು ಕುಂದುವುದು ಇದರ ಗುಣವೇ. ಇದು ಕೆಟ್ಟಾಗ ತಾನೊಂದೇ ಹೋಗದೆ ನೆರೆಯ ಅಂಗಗಳನ್ನೂ ಒಯ್ಯಬಲ್ಲದು. ಹಳ್ಳಿಗಳಲ್ಲಿ, ತೋಟದ ಮನೆಗಳಲ್ಲಿ ವಿದ್ಯುತ್ತು ಏರಿಳಿಯುವುದು, ನಡುವೆ ನಿಲ್ಲುವುದು ಅಪರೂಪವಲ್ಲ. ಬರೆಯುತ್ತಿರುವಾಗ ವಿದ್ಯುತ್ತು ಹೋದರೆ ಪಾಟಿಯ ಮೇಲಿನದು ಅಳಿಯಿತೆಂದೇ ಅರ್ಥ. ಆದುದರಿಂದ ಮೇಜಿನ ಗಣಕಯಂತ್ರಕ್ಕೆ ‘ಯು.ಪಿ.ಎಸ್.’ ಅಲಂಕಾರವಲ್ಲ, ಅವಶ್ಯಕ ಅಂಗ. ಅದು ಕೊಡುವ ಹತ್ತಿಪ್ಪತ್ತು ನಿಮಿಷಗಳು ಕೆಲಸ ಮುಂದುವರಿಸಲಿಕ್ಕಲ್ಲ. ಬರೆದುದನ್ನು ವಹಿಗೆ ಸೇರಿಸಿ ಯಂತ್ರವನ್ನು ಕ್ರಮವಾಗಿ ಮುಚ್ಚಲಿಕ್ಕೆ. ಮೂರು ಕಡ್ಡಿಯ ಪ್ಲಗ್ಗಿನ ಮೂರನೆಯ ಕಡ್ಡಿಗೆ ಮನೆಯಲ್ಲಿ ನಿಜವಾದ ಅರ್ಥಿಂಗ್ ಇದೆಯೇ ಎಂದು ನೋಡಿಸಬೇಕು. ಮುಂಗಾರಿಗೆ ಮುಂಚಿನ ಅಡ್ಡಮಳೆಯಲ್ಲಿ ಗುಡುಗು-ಸಿಡಿಲು ಆರಂಭವಾಗುವ ಮೊದಲೇ ವಿದ್ಯುತ್ತಿನ ತಂತಿಯನ್ನಷ್ಟೇ ಅಲ್ಲ, ಅಂತರಜಾಲದ ತಂತಿಯನ್ನೂ ಕಿತ್ತಿಡಬೇಕು.

ವಿದ್ಯುತ್ತಿನ ಖರ್ಚಿನ ಬಗ್ಗೆ ಅನೇಕರಿಗೆ ಅಳುಕು. ಮೇಜಿನ ಯಂತ್ರವು ತೆರೆಯೊಡನೆ 100 ವ್ಯಾಟ್ ತೆಗೆದುಕೊಳ್ಳುವುದೆಂದು ಇಟ್ಟುಕೊಂಡರೆ, ದಿನಕ್ಕೆ ನಾಲ್ಕು ಗಂಟೆಯಂತೆ ತಿಂಗಳಿಗೆ 12 ಯೂನಿಟ್ ಆಗುತ್ತದೆ. 40 ವ್ಯಾಟಿನ ಲ್ಯಾಪ್‌ಟಾಪಿಗೆ ಅದು ಐದಕ್ಕಿಂತ ಕಡಿಮೆ.

ಶೈತ್ಯ-ಧೂಳಿಗಳ ಮಾತನ್ನೂ ಇಲ್ಲಿಯೇ ಹೇಳಬೇಕು. ಪ್ರೊಸೆಸರ್ ಬಿಸಿಯಾಗುತ್ತದೆ, ಫ್ಯಾನು ಅದನ್ನು ತಣಿಸುತ್ತದೆ. ನಿಪ್ಪಾಣಿಯ ಕಡೆ ತಂಬಾಕಿನ ವಖಾರಿಗಳ ಧೂಳು, ಅಥಣಿ-ಕಾಗವಾಡಗಳಲ್ಲಿ ಬೇಸಿಗೆಯ ಬಿಸಿಗಾಳಿ, ಕಬ್ಬಿನ ರವದಿ ಸುಟ್ಟ ಬೂದಿ ಇವು ಫ್ಯಾನಿನ ಜಾಲಿಯಲ್ಲಿ ಕುಳಿತರೆ ಎಂಥ ಯಂತ್ರವೂ ತಾನಾಗಿ ವೇಗ ತಗ್ಗಿಸಿಕೊಳ್ಳುತ್ತದೆ. ಹಾಸಿಗೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು ಗಾಳಿಕಿಂಡಿಗಳನ್ನು ಮುಚ್ಚಬಾರದು.

ತೆರೆ, ಕೀಲಿಮಣೆ, ಕನ್ನಡ

ತೆರೆಯನ್ನು ಅಂಗುಲದಲ್ಲಿ ಮೂಲೆಯಿಂದ ಮೂಲೆಗೆ ಅಳೆಯುವರು. ಅಂಗುಲಕ್ಕಿಂತ ಮುಖ್ಯವಾದುದು ಬಿಂದುಗಳ ಸಂಖ್ಯೆ. 1920 ಅಡ್ಡ, 1080 ಉದ್ದ ಬಿಂದುಗಳಿರುವ ತೆರೆಯನ್ನು ಆರಿಸುವುದು ಲೇಸು. ಕನ್ನಡ ಓದುವವರಿಗೆ ಇದು ವಿಶೇಷವಾಗಿ ಅನ್ವಯಿಸುತ್ತದೆ. ಆಂಗ್ಲ ಅಕ್ಷರಗಳು ಒಂದೇ ಸಾಲಿನಲ್ಲಿ ನಿಂತರೆ, ಕನ್ನಡದ ಒತ್ತಕ್ಷರಗಳು ಕೆಳಗೆ ಇಳಿಯುತ್ತವೆ. ಬಿಂದುಗಳು ಕಡಿಮೆಯಾದರೆ ಒತ್ತುಗಳು ಕಲಸಿ ಕಣ್ಣಿಗೆ ದಣಿವಾಗುತ್ತದೆ.

ಗಡಿಯಾಚೆ ಮಿರಜ, ಸಾಂಗ್ಲಿ, ಕೊಲ್ಲಾಪುರಗಳಲ್ಲಿ ಕೊಂಡ ಯಂತ್ರದಲ್ಲಿ ಕನ್ನಡ ಬರುವುದಿಲ್ಲವೆಂಬ ತಪ್ಪು ಕಲ್ಪನೆ ಕೆಲವರಲ್ಲಿದೆ. ಕನ್ನಡವು ಕೀಲಿಗಳ ಮೇಲಿನ ಮುದ್ರೆಯಲ್ಲಿಲ್ಲ, ತಂತ್ರಾಂಶದಲ್ಲಿದೆ. 1991ರಲ್ಲಿ ಪ್ರಕಟವಾದ ಯೂನಿಕೋಡ್ ಎಂಬ ಜಾಗತಿಕ ಲಿಪಿಸಂಕೇತದ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿತ್ತು. ಇಂದಿನ ಯಂತ್ರಗಳೆಲ್ಲವೂ ಇದನ್ನು ಬಲ್ಲವು. ಕನ್ನಡ ಕೀಲಿಮಣೆಯನ್ನು ವ್ಯವಸ್ಥೆಯಲ್ಲಿ ಆರಿಸಿಕೊಂಡರೆ ಸಾಕು. ಕೆ. ಪಿ. ರಾವ್ ಅವರ ಪ್ರತಿಭೆಯಿಂದ ಮೂಡಿದ ಕೀಲಿಮಣೆ ವಿನ್ಯಾಸ, ಅದನ್ನು ಅನುಸರಿಸಿ ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ತಂತ್ರಾಂಶ ಇವು ಕನ್ನಡಿಗರಿಗೆ ಸುಪರಿಚಿತ. ಭಾರತ ಸರಕಾರದ ‘ಇನ್‌ಸ್ಕ್ರಿಪ್ಟ್’ ವಿನ್ಯಾಸದಲ್ಲಿ ಗಡಿಭಾಗದ ವಿದ್ಯಾರ್ಥಿಗಳಿಗೆ ಇನ್ನೊಂದು ಲಾಭವಿದೆ: ಕನ್ನಡದ ‘ಕ’ ಎಲ್ಲಿದೆಯೋ ದೇವನಾಗರಿಯ ‘ಕ’ವೂ ಅದೇ ಕೀಲಿಯಲ್ಲಿದೆ. ಕನ್ನಡಕ್ಕಾಗಿ ಬೆರಳು ಪಳಗಿಸಿದ ಮಗು ಮರಾಠಿಯನ್ನೂ ಹಿಂದಿಯನ್ನೂ ಹೊಸ ಅಭ್ಯಾಸವಿಲ್ಲದೆ ಬೆರಳಚ್ಚಿಸಬಲ್ಲದು.

ಮೇಜಿನದೋ ಮಡಿಲಿನದೋ, ಹೊಸದೋ ಹಳೆಯದೋ

ಮೇಜಿನ ಯಂತ್ರದಲ್ಲಿ ಅದೇ ಬೆಲೆಗೆ ಹೆಚ್ಚು ಶಕ್ತಿ ದೊರೆಯುತ್ತದೆ. ಒಂದು ಅಂಗ ಕೆಟ್ಟರೆ ಅದನ್ನಷ್ಟೇ ಬದಲಾಯಿಸಬಹುದು. ಮನೆಮಂದಿಯೆಲ್ಲ ಪಾಳಿಯಂತೆ ಬಳಸಬಹುದು. ಲ್ಯಾಪ್‌ಟಾಪಿಗೆ ತನ್ನದೇ ಬ್ಯಾಟರಿ ಇರುವುದರಿಂದ ಯು.ಪಿ.ಎಸ್. ಬೇಡ, ವಸತಿಗೃಹದಲ್ಲಿದ್ದು ಓದುವ ಮಕ್ಕಳಿಗೆ ಅದೇ ಅನುಕೂಲ. ಆದರೆ ದುರಸ್ತಿ ದುಬಾರಿ, ಮತ್ತು ಬ್ಯಾಟರಿ ವರ್ಷಗಳು ಕಳೆದಂತೆ ಸೊರಗುತ್ತದೆ.

ಕಚೇರಿಗಳಿಂದ ಬಂದ ಹಳೆಯ ಯಂತ್ರಗಳನ್ನು ಕೊಳ್ಳುವವರು ಒಂದು ದಿನಾಂಕವನ್ನು ನೆನಪಿಡಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆ ಕೊಡುತ್ತಿದ್ದ ಸಾಮಾನ್ಯ ರಕ್ಷಣೆಯು 2025ರ ಅಕ್ಟೋಬರ 14ಕ್ಕೆ ಮುಗಿಯಿತು. ವಿಂಡೋಸ್ 11 ನಡೆಯಲು ಇಂಟೆಲ್ ಪ್ರೊಸೆಸರುಗಳಲ್ಲಿ ಸಾಮಾನ್ಯವಾಗಿ ಎಂಟನೆಯ ತಲೆಮಾರಾದರೂ ಇರಬೇಕು, ‘ಟಿ.ಪಿ.ಎಂ. 2.0’ ಎಂಬ ರಕ್ಷಣಾ ಅಂಗವೂ ಬೇಕು. ಇದಕ್ಕಿಂತ ಹಳೆಯವು ಅಗ್ಗವಾಗಿ ದೊರೆಯುತ್ತವೆಂದರೆ ಅದಕ್ಕೆ ಕಾರಣವಿದೆ. ಅಂಥ ಯಂತ್ರ ಈಗಾಗಲೇ ಮನೆಯಲ್ಲಿದ್ದರೆ ಎಸೆಯಬೇಕಾಗಿಲ್ಲ. ಬೆಲೆಯಿಲ್ಲದೆ ದೊರೆಯುವ ಲಿನಕ್ಸ್ ವ್ಯವಸ್ಥೆಯನ್ನು ಹಾಕಿ ಓದು-ಬರಹಕ್ಕೆ ಬಳಸಬಹುದು.

ಒಂದು ಉದಾಹರಣೆ

ಕಬ್ಬಿನ ಬಿಲ್ಲು ಕೈಸೇರಿದ ಒಬ್ಬ ಬೆಳೆಗಾರನನ್ನು ಕಲ್ಪಿಸಿಕೊಳ್ಳಬಹುದು. ಮಗಳು ಪದವಿಪೂರ್ವ ತರಗತಿಯಲ್ಲಿ ವಾಣಿಜ್ಯ ಓದುತ್ತಿದ್ದಾಳೆ. ಅಂಗಡಿಯಲ್ಲಿ ಎರಡು ಯಂತ್ರಗಳು. ಮೊದಲನೆಯದರ ಮೇಲೆ ‘ಐ7’ ಎಂಬ ಹೊಳೆಯುವ ಚೀಟಿ. ತಲೆಮಾರು ಆರನೆಯದು, ರ‍್ಯಾಮ್ 4 ಜಿ.ಬಿ., ತಿರುಗುವ ಹಾರ್ಡ್ ಡಿಸ್ಕು 1000 ಜಿ.ಬಿ. ಎರಡನೆಯದು ‘ಐ3’, ತಲೆಮಾರು ಹನ್ನೆರಡನೆಯದು, ರ‍್ಯಾಮ್ 8 ಜಿ.ಬಿ., ಎಸ್.ಎಸ್.ಡಿ. 256 ಜಿ.ಬಿ. ದೊಡ್ಡ ಅಂಕಿಗಳೆಲ್ಲ ಮೊದಲನೆಯದರಲ್ಲಿವೆ. ಆದರೆ ಅದರ ಪಾಟಿ ಚಿಕ್ಕದು, ವಹಿ ನಿಧಾನ, ತಲೆಮಾರು ಹಳೆಯದು. ಹೊಸ ವಿಂಡೋಸ್ ಅದನ್ನು ಒಪ್ಪದು. ಎರಡನೆಯದರಲ್ಲಿ ಯಾವ ಅಂಗವೂ ಅತಿಯಾಗಿಲ್ಲ, ಯಾವುದೂ ಕೊರತೆಯದಲ್ಲ. ಜೋಡೆತ್ತುಗಳಲ್ಲಿ ಒಂದು ಎಷ್ಟೇ ಬಲಶಾಲಿಯಾಗಿದ್ದರೂ ನೇಗಿಲು ನಡೆಯುವುದು ಸೊರಗಿದ ಎತ್ತಿನ ಹೆಜ್ಜೆಗೆ. ಗಣಕಯಂತ್ರದ ನಿಯಮವೂ ಅದೇ: ಅದರ ವೇಗವು ಅದರ ಅತ್ಯಂತ ದುರ್ಬಲ ಅಂಗದ ವೇಗ. ಈ ಒಂದು ಮಾತನ್ನು ತಿಳಿದ ತಂದೆಯು ಎರಡನೆಯದನ್ನೇ ಆರಿಸುತ್ತಾನೆ, ಮತ್ತು ಉಳಿದ ಹಣದಲ್ಲಿ ಯು.ಪಿ.ಎಸ್. ಕೊಳ್ಳುತ್ತಾನೆ.

ಕೊಳ್ಳುವಾಗ ಪಕ್ಕಾ ಬಿಲ್ಲು ಪಡೆಯಬೇಕು. ಗಣಕಯಂತ್ರದ ಮೇಲೆ 18 ಪ್ರತಿಶತ ಜಿ.ಎಸ್.ಟಿ. ಇರುವುದರಿಂದ ‘ಬಿಲ್ಲಿಲ್ಲದೆ ಕಡಿಮೆ’ ಎಂಬ ಮಾತಿಗೆ ಮನಸ್ಸು ವಾಲುವುದು ಸಹಜ. ಆದರೆ ಬಿಲ್ಲಿಲ್ಲದವನಿಗೆ ವಾರಂಟಿ ಕೇಳಲು ಆಧಾರವಿಲ್ಲ. ಬಿಲ್ಲಿನ ಮೇಲೆ ಯಂತ್ರದ ಕ್ರಮಸಂಖ್ಯೆ ಬರೆದಿದೆಯೇ, ವಾರಂಟಿ ತಯಾರಕರದೋ ಅಂಗಡಿಯದೋ, ಸೇವಾಕೇಂದ್ರ ಎಷ್ಟು ದೂರ ಎಂಬ ಮೂರನ್ನೂ ಹಣ ಎಣಿಸುವ ಮುನ್ನ ಕೇಳಬೇಕು. ಮನೆಗೆ ಬಂದ ಮೇಲೆ ಮುಖ್ಯ ಕಾಗದಪತ್ರ, ಭಾವಚಿತ್ರಗಳನ್ನು ಎರಡು ಕಡೆ ಪ್ರತಿ ಮಾಡಿಡಬೇಕು. ಎಂಥ ಡಿಸ್ಕಿಗೂ ಆಯುಷ್ಯವೆಂಬುದಿದೆ.

ಶಾಲೆಗಳಿಗೆ ಗಣಕಯಂತ್ರಗಳನ್ನು ಕೊಡಬಯಸುವ ದಾನಿಗಳಿಗೂ ಹಳೆಯ ವಿದ್ಯಾರ್ಥಿಗಳಿಗೂ ಈ ವಿವೇಕವೇ ಅನ್ವಯಿಸುತ್ತದೆ. ನಡೆಯದ ಹತ್ತು ಯಂತ್ರಗಳು ಒಂದು ಕೋಣೆಯನ್ನು ತುಂಬುತ್ತವೆ; ನಡೆಯುವ ಮೂರು ಯಂತ್ರಗಳು ಒಂದು ತರಗತಿಯನ್ನು ಓದಿಸುತ್ತವೆ. ಸಂಖ್ಯೆಯನ್ನು ನೋಡಿ ಕೊಡುವುದಕ್ಕಿಂತ ತಲೆಮಾರು, ರ‍್ಯಾಮ್, ಡಿಸ್ಕುಗಳನ್ನು ನೋಡಿ ಕೊಟ್ಟ ದಾನವು ಬಹುಕಾಲ ಫಲಿಸುತ್ತದೆ. ಶಿಕ್ಷಕರು ಮಕ್ಕಳಿಗೆ ಯಂತ್ರವನ್ನು ನಡೆಸುವುದನ್ನಷ್ಟೇ ಕಲಿಸದೆ, ಹಳೆಯದೊಂದರ ಮುಚ್ಚಳ ತೆಗೆದು ಇದು ಪಾಟಿ, ಇದು ವಹಿ, ಇದು ಪ್ರೊಸೆಸರ್ ಎಂದು ತೋರಿಸಿದರೆ, ಆ ಮಗುವೇ ನಾಳೆ ಮನೆಯ ಹಿರಿಯರ ಜೊತೆ ಅಂಗಡಿಗೆ ಹೋಗಿ ಸರಿಯಾದ ಪ್ರಶ್ನೆ ಕೇಳುತ್ತದೆ. ಎತ್ತಿನ ಹಲ್ಲು ಎಣಿಸಲು ಅಜ್ಜನು ಮೊಮ್ಮಗನಿಗೆ ಕಲಿಸಿದ ಈ ನಾಡಿನಲ್ಲಿ, ಯಂತ್ರದ ತಲೆಮಾರು ಎಣಿಸಲು ಮೊಮ್ಮಗಳು ಅಜ್ಜನಿಗೆ ಕಲಿಸುವ ಕಾಲ ಬಂದಿದೆ. ಆ ಕಲಿಕೆಯು ದುಡಿದ ಹಣವನ್ನು ಕಾಯಲಿ, ಓದುವ ಮಕ್ಕಳಿಗೆ ದಾರಿಯಾಗಲಿ.